ಶಾಲೆಗೆ ಸೀರೆ ಉಡಿಸಿದ ದಿನ

ನಮ್ಮ ಮನೆಯಲ್ಲಿ ಎರಡು ಬಗೆಯ ಸಾಮಾನುಗಳಿದ್ದವು. ಒಂದು ನಾವು ಬಳಸುವಂಥವು, ಇನ್ನೊಂದು ಊರು ಬಳಸುವಂಥವು. ನಾವು ಉಣ್ಣುತ್ತಿದ್ದ ತಾಟುಗಳ ಅಂಚುಗಳು ನೆಗ್ಗಿದ್ದವು, ಹೊದೆಯುತ್ತಿದ್ದ ಕೌದಿಗಳ ಬಣ್ಣಗಳೆಲ್ಲ ಮಾಸಿ ಒಂದೇ ಆಗಿದ್ದವು. ಊರಿನ ಸಾಮಾನು ಮಾತ್ರ ದೇವರ ಕೋಣೆಯ ಬಾಜುವಿನ ಕತ್ತಲೆ ಕೋಣೆಯಲ್ಲಿ ನಿನ್ನೆ ಸಂತೆಯಿಂದ ತಂದ ಹಾಗಿರುತ್ತಿತ್ತು. ನವಲಗುಂದದ ದೊಡ್ಡ ಜಮಖಾನೆ, ಊಟದ ತಾಟು ಇಡುವ ಅಡ್ಡಣಿಗೆಗಳು, ಹಿತ್ತಾಳೆಯ ತಂಬಿಗೆಗಳು, ಕೈ ಇದ್ದ ಕುರ್ಚಿಗಳು, ಗಂಟೆ ಬಾರಿಸುವ ಗೋಡೆ ಗಡಿಯಾರ. ಇವಕ್ಕೆಲ್ಲ ಒಡತಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಊರಲ್ಲಿ ಯಾರ ಮನೆಗೆ ಕನ್ಯೆ ನೋಡಲು ಬರುವವರಿದ್ದರೂ ಹಿಂದಿನ ದಿನ ಸಂಜೆ ಆ ಮನೆಯ ಹೆಂಗಸು ನಮ್ಮ ಹಿತ್ತಲ ಬಾಗಿಲಿಗೆ ಬಂದು ಸುಮ್ಮನೆ ನಿಲ್ಲುತ್ತಿದ್ದಳು. ಏತಕ್ಕೆ ಬಂದೆ ಎಂದು ಆಯಿ ಕೇಳುತ್ತಿರಲಿಲ್ಲ. ಜಮಖಾನೆಯ ಸುರುಳಿಯನ್ನು ಅವಳ ತಲೆಯ ಮೇಲೆ ಹೊರಿಸಿ ಕಳಿಸುತ್ತಿದ್ದಳು.

"ಬಂದ ಬೀಗರ ಕಣ್ಣಿಗಿ ಏನೂ ಕಡಿಮಿ ಕಾಣಬಾರದವಾ. ಮನಿ ಕಡಿಮಿ ಕಂಡ್ರ ಹುಡುಗಿನ ಕಡಿಮಿ ಅಂತಾರ."

ಒಂದು ಸಲ ಒಂದೇ ವರನ ಕಡೆಯವರು ನಮ್ಮೂರಿನಲ್ಲಿ ಎರಡು ಮನೆ ನೋಡಿ, ಎರಡೂ ಕಡೆ ಅದೇ ಜಮಖಾನೆಯ ಮೇಲೆ ಕೂತು ಅವಲಕ್ಕಿ ತಿಂದು ಹೋದರು. ಎರಡನೆಯ ಮನೆಯಲ್ಲಿ ಅವರ ಪೈಕಿ ಒಬ್ಬ ಮುದುಕ ಜಮಖಾನೆಯನ್ನು ಕೈಯಿಂದ ಸವರಿ ನೋಡಿ ಮುಗುಳ್ನಕ್ಕನಂತೆ. ಬಾಯಿ ಬಿಡಲಿಲ್ಲ. ಅವನ ಊರಲ್ಲೂ ನಮ್ಮದರಂಥ ಒಂದು ಮನೆ ಇದ್ದಿರಬೇಕು. ಇದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ. ಊರಿನ ಮರ್ಯಾದೆ ಎನ್ನುತ್ತಿದ್ದರು, ನಾನೂ ಹಾಗೆಯೇ ತಿಳಿದು ಬೆಳೆದೆ.

ಅವ್ವ ಈ ಮರ್ಯಾದೆಯ ಕೋಣೆಗೆ ಹೋಗುತ್ತಿದ್ದದ್ದು ಕಸ ಗುಡಿಸಲು ಮಾತ್ರ. ಅವಳ ತವರು ಕಲಘಟಗಿ ಕಡೆಯ ದೇವಿಕೊಪ್ಪ. ಅನ್ನದ ಸೀಮೆಯಿಂದ ರೊಟ್ಟಿಯ ಸೀಮೆಗೆ ಬಂದವಳು. ಮದುವೆಯಾಗಿ ಎಷ್ಟೋ ವರ್ಷವಾದರೂ ಆಯಿ ಅವಳ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ತಿನ್ನೂದೋ, ಇದರ ಮ್ಯಾಲ ಕೂಡೂದೋ?" ಎಂದು ಕೇಳುತ್ತಿದ್ದಳು. ಅವ್ವ ನಗುತ್ತಿದ್ದಳು. ಮನೆಗೆ ಗಂಡಸರು ಯಾರೇ ಬಂದರೂ ಅವಳು ಅಡುಗೆ ಮನೆಯ ಬಾಗಿಲ ಮರೆಯಲ್ಲಿ ನಿಂತು ಬಳೆಯ ಸಪ್ಪಳ ಮಾಡಬೇಕು, ಆಯಿ ಹೋಗಿ ಕೇಳಿಕೊಂಡು ಬಂದು ಹೊರಗೆ ಹೇಳಬೇಕು. ಹಾಗಾಗಿ ಪಡಸಾಲೆಯಲ್ಲಿ ಅವ್ವನ ಮಾತುಗಳೆಲ್ಲ ಆಯಿಯ ಧ್ವನಿಯಲ್ಲೇ ಕೇಳುತ್ತಿದ್ದವು. ಒಮ್ಮೊಮ್ಮೆ ಆಯಿ ಅದರಲ್ಲಿ ಅರ್ಧ ಬಿಟ್ಟು, ತನ್ನದು ಅರ್ಧ ಸೇರಿಸುತ್ತಿದ್ದಳು.

ನಮ್ಮ ಶಾಲೆ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ಇದ್ದದ್ದು ಎರಡು ಕೋಣೆ. ಒಂದರ ಮಣ್ಣಿನ ಮಾಳಿಗೆ ಒಂದು ಮಳೆಗಾಲದಲ್ಲಿ ಕುಸಿದು ಬಿದ್ದಿತ್ತು. ನಮ್ಮ ಪುಣ್ಯಕ್ಕೆ ಅವತ್ತು ರವಿವಾರ. ಸುತ್ತಲಿನ ಗೋಡೆಗಳು ನಿಂತಿದ್ದರಿಂದ ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯುತ್ತಿರಲಿಲ್ಲ. ಒಳಗೆ ಹೋಗಿ ನೋಡಿದರೆ ಎರಡನೆಯ ಕೋಣೆಯ ತುಂಬ ಮಣ್ಣಿನ ಗುಡ್ಡೆ, ಮೇಲೆ ಆಕಾಶ. ನಡುವಿನ ಬಾಗಿಲನ್ನು ಯಾರೋ ಉರುವಲಿಗೆ ಒಯ್ದಿದ್ದರು. ಉಳಿದ ಒಂದೇ ಕೋಣೆಯಲ್ಲಿ ನಾಲ್ಕು ಇಯತ್ತೆಗಳು, ಅಂದರೆ ತರಗತಿಗಳು, ನಾಲ್ಕು ಗೋಡೆಗೆ ಮುಖ ಮಾಡಿ ಕೂರುತ್ತಿದ್ದವು, ಒಬ್ಬರೇ ಮಾಸ್ತರು ನಡುವೆ ನಿಂತು ತಿರುಗುತ್ತ ಕಲಿಸುತ್ತಿದ್ದರು. ಮಳೆ ಬಂದರೆ ಸೋರದ ಮೂಲೆ ಒಂದೇ ಇತ್ತು. ಎಲ್ಲರೂ ಅಲ್ಲಿಗೆ ನುಗ್ಗುತ್ತಿದ್ದೆವು. ಹೀಗೆ ನಾನು ಎರಡನೆಯ ಇಯತ್ತೆಯಲ್ಲಿದ್ದಾಗಲೇ ನಾಲ್ಕನೆಯವರ ಮಗ್ಗಿಯನ್ನು ಕಲಿತೆ, ನನ್ನ ಪಾಠವನ್ನು ಮರೆತೆ.

ಮಾಸ್ತರು ಕೆಟ್ಟವರಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಶಾಲೆ ಕೆಟ್ಟಿತು ಎಂದರೆ ಮೊದಲು ಮಾಸ್ತರರ ಕಡೆ ಬೆರಳು ತೋರಿಸುವ ಚಟ ನಮ್ಮ ಜನಕ್ಕಿದೆ. ಅವರು ಕುಂದಗೋಳ ಕಡೆಯವರು, ನಮ್ಮೂರಲ್ಲಿ ಒಬ್ಬರೇ ಇದ್ದು ಕೈಯಡುಗೆ ಮಾಡಿಕೊಳ್ಳುತ್ತಿದ್ದರು. ಜನಗಣತಿ ಬಂದರೆ ಅವರೇ ಹೋಗಬೇಕು, ಚುನಾವಣೆ ಬಂದರೆ ಅವರೇ, ಊರವರಿಗೆ ಅರ್ಜಿ ಬರೆದುಕೊಡಲೂ ಅವರೇ. ಅವರು ಹೋದ ದಿನ ಶಾಲೆ ಬಂದ್. ಹತ್ತಿ ಬಿಡಿಸುವ ಕಾಲದಲ್ಲಿ ಅವರು ಇದ್ದರೂ ಮಕ್ಕಳು ಇರುತ್ತಿರಲಿಲ್ಲ. ಆಗ ಅವರು ಹೊಲದ ದಾರಿಯಲ್ಲಿ ನಿಂತು, ಮಡಿಲಲ್ಲಿ ಹತ್ತಿ ತುಂಬಿಕೊಂಡ ಹುಡುಗಿಯರನ್ನು ತಡೆದು ಮಗ್ಗಿ ಕೇಳುತ್ತಿದ್ದರು. ಉತ್ತರ ಬಂದರೆ ಅವರ ಮುಖ ಅರಳುತ್ತಿತ್ತು. ಪಾಪ, ಅದಕ್ಕಿಂತ ಹೆಚ್ಚಿಗೆ ಅವರು ಏನು ಮಾಡಬಹುದಿತ್ತು ಎಂದು ನನಗೆ ಇವತ್ತಿಗೂ ಹೊಳೆದಿಲ್ಲ.

ನಾಲ್ಕನೆಯ ಇಯತ್ತೆಯ ಆಚೆಗೆ ನಮ್ಮೂರಲ್ಲಿ ಶಾಲೆ ಇರಲಿಲ್ಲ. ಹುಡುಗರು ಹಳ್ಳ ದಾಟಿ ಶಲವಡಿಗೆ ನಡೆಯುತ್ತಿದ್ದರು, ಹುಡುಗಿಯರು ಹೊಲಕ್ಕೆ ನಡೆಯುತ್ತಿದ್ದರು. ನಾನು ನಾಲ್ಕನೆಯದಕ್ಕೆ ಬಂದ ವರ್ಷ ಅವ್ವ ಒಂದು ಸಂಜೆ ಅಪ್ಪನಿಗೆ ಊಟಕ್ಕೆ ಬಡಿಸುತ್ತ ಕೇಳಿದಳು.

"ನಾಕ ಮುಗದ ಮ್ಯಾಲ ಗಿರಿಜಾನ್ನ ಶಲವಡಿಗಿ ಕಳಸೂಣೇನ್ರಿ?"

"ತಲಿ ಕೆಟ್ಟೈತೇನ? ಹಳ್ಳ ಬಂತಂದ್ರ ಆಕಿ ಆ ದಂಡಿಗೇ ಉಳೀತಾಳ. ನಮ್ಮೂರಾಗ ಐದನೇದು ತಗದ್ರ ಕಲೀಲಿ. ನಾ ಬ್ಯಾಡ ಅನ್ನೂದಿಲ್ಲ."

ಅಪ್ಪ ಹಟಮಾರಿಯಾಗಿ ಹೇಳಿದ ಮಾತಲ್ಲ. ಎರೆ ಮಣ್ಣಿನ ಕೆಸರು ಕಂಡವರಿಗೆ ಅವನ ಭಯ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಒಂದೊಂದು ಹೆಜ್ಜೆಗೂ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಆದರೆ ಅವನ ಮಾತಿನಿಂದ ನನ್ನ ಮುಂದಿನ ಓದೆಲ್ಲ ಒಂದು ವಿಷಯಕ್ಕೆ ಜೋತುಬಿತ್ತು: ನಮ್ಮೂರಿಗೆ ಎರಡನೆಯ ಮಾಸ್ತರರೂ ಐದನೆಯ ಇಯತ್ತೆಯೂ ಬರಬೇಕು, ಇಲ್ಲದಿದ್ದರೆ ನಾನು ಬರುವ ವರ್ಷ ಹತ್ತಿಯ ಸಾಲಿನಲ್ಲಿರಬೇಕು. ಅವ್ವ ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು.

ಚಳಿಗಾಲ ಮುಗಿಯುವ ಹೊತ್ತಿಗೆ ಮಾಸ್ತರು ಓಡುತ್ತ ನಮ್ಮ ಮನೆಗೆ ಬಂದರು. ಅಪ್ಪ ಶಾಲೆಯ ಕಮಿಟಿಯಲ್ಲಿದ್ದ.

"ಸಾಲಿ ಇನ್ಸ್‌ಪೆಕ್ಟರ್ ಸಾಹೇಬ್ರು ಬರಾಕತ್ತಾರ್ರೀ! ಸುತ್ತಲಿನ ಹಳ್ಳಿ ಸಾಲಿ ನೋಡಿ, ಯಾವದರ ಒಂದಕ್ಕ ಐದನೇದು ಕೊಡತಾರಂತ. ಇನ್ನೊಬ್ಬ ಮಾಸ್ತರನ್ನೂ ಕೊಡತಾರಂತ."

ಅಪ್ಪ ಏನಾದರೂ ಹೇಳುವುದಕ್ಕೆ ಮೊದಲೇ ಆಯಿ ಎದ್ದು ನಿಂತಳು. ಇಂಥ ಕೆಲಸದಲ್ಲಿ ಅವಳಿಗಿಂತ ಅನುಭವಿಗಳು ಸುತ್ತಲಿನ ಊರುಗಳಲ್ಲೇ ಇರಲಿಲ್ಲ.

"ಇದರಾಗ ತಿಳಿಯೂದೇನೈತಿ? ಕನ್ಯಾ ನೋಡಾಕ ಬಂದಂಗ ಇದೂ. ಚಂದ ಕಂಡ್ರ ಒಪ್ಪತಾನ, ಇಲ್ಲಂದ್ರ ಮುಂದಿನೂರಿಗಿ ಹೋಗತಾನ. ಸುಣ್ಣ ಕಲಸ್ರಿ."

ಇಡೀ ಊರು ಶಾಲೆಯನ್ನು ಸಿಂಗರಿಸಲು ನಿಂತಿತು. ಅಲ್ಲಿಯವರೆಗೆ ಶಾಲೆಯ ಕಡೆ ತಿರುಗಿಯೂ ನೋಡದವರು ಬುಟ್ಟಿಗಟ್ಟಲೆ ಸೆಗಣಿ ತಂದು ನೆಲ ಸಾರಿಸಿದರು. ಸೋರಿದ ಕಲೆಗಳ ಮೇಲೆ ಸುಣ್ಣ ಬಿತ್ತು. ನಮ್ಮ ಜಮಖಾನೆ ಹೋಯಿತು, ಕುರ್ಚಿಗಳು ಹೋದವು, ಗಡಿಯಾರ ಗೋಡೆ ಏರಿತು. ಶಲವಡಿಯ ಶಾಲೆಯಿಂದ ಯಾರೋ ಭಾರತದ ನಕಾಶೆಯನ್ನು ಎರವಲು ತಂದರು. ಬಾಗಿಲಿಲ್ಲದ ಬಾಗಿಲಿಗೆ ಏನು ಮಾಡುವುದೆಂದು ಎಲ್ಲರೂ ನಿಂತಾಗ, ಆಯಿ ಮನೆಗೆ ಬಂದು ಅವ್ವನ ಟ್ರಂಕು ತೆಗೆದು ಅವಳ ಮದುವೆಯ ಇಳಕಲ್ ಸೀರೆಯನ್ನು ಹೊರತೆಗೆದಳು. ಅವ್ವ ನೋಡುತ್ತ ನಿಂತಿದ್ದಳು, ಬೇಡ ಎನ್ನಲಿಲ್ಲ. ಆ ಸೀರೆಯನ್ನು ಕುಸಿದ ಕೋಣೆಯ ಬಾಗಿಲಿಗೆ ಪರದೆಯಾಗಿ ಕಟ್ಟಿ, ಮುಂದೆ ರಂಗೋಲಿ ಹಾಕಿದರು. ನನಗಂತೂ ಖುಷಿಯೋ ಖುಷಿ. ನಮ್ಮ ಶಾಲೆ ಅಷ್ಟು ಚಂದ ಕಂಡದ್ದು ಅದೇ ಮೊದಲು.

ಸಾಹೇಬರನ್ನು ಬಸ್ ನಿಲ್ಲುವ ರಸ್ತೆಯಿಂದ ನಮ್ಮ ಚಕ್ಕಡಿಯಲ್ಲೇ ಕರೆತಂದರು. ತೆಳ್ಳಗಿನ, ಬಿಳಿ ಅಂಗಿಯ, ಮೆಲ್ಲಗೆ ಮಾತಾಡುವ ಮನುಷ್ಯ. ನಾಲ್ಕನೆಯ ಇಯತ್ತೆಯ ಸಾಲಿನಲ್ಲಿ ಮುಂದೆ ಕೂತವರು ಶಲವಡಿಗೆ ಹೋಗುವ ದೊಡ್ಡ ಹುಡುಗರು. ಅವರನ್ನು ಆ ದಿನದ ಮಟ್ಟಿಗೆ ಊರಲ್ಲೇ ಉಳಿಸಿಕೊಂಡಿದ್ದರು. ನನ್ನಂಥ ನಿಜವಾದ ನಾಲ್ಕನೆಯವರು ಅವರ ಬೆನ್ನ ಹಿಂದಿದ್ದೆವು. ಸಾಹೇಬರು ಲೆಕ್ಕ ಕೇಳಿದರು, ಕಾಕಾನ ಮಗ ಮಲ್ಲು ಕೇಳಿ ಮುಗಿಸುವ ಮೊದಲೇ ಹೇಳಿದ. ಅವನು ಓದುತ್ತಿದ್ದದ್ದು ಆರನೆಯದು, ಹೇಳದೆ ಏನು. ನದಿಗಳ ಹೆಸರು ಕೇಳಿದರು, ಅದೂ ಬಂತು. ಸಾಹೇಬರು ಭೇಷ್ ಭೇಷ್ ಎಂದರು. ಮಾಸ್ತರು ಮಾತ್ರ ಬೆವರುತ್ತ ಸೀರೆಯ ಪರದೆಯ ಕಡೆ ಬೆನ್ನು ಮಾಡಿ ಕಂಬದಂತೆ ನಿಂತಿದ್ದರು.

ಮಧ್ಯಾಹ್ನ ಊಟ ನಮ್ಮಲ್ಲಿ. ಹೋಳಿಗೆ, ತುಪ್ಪ, ಕಟ್ಟಿನ ಸಾರು, ಎಣ್ಣೆಗಾಯಿ, ಗುರೆಳ್ಳು ಚಟ್ನಿ. ಸಾಹೇಬರು, ಮಾಸ್ತರು, ಅಪ್ಪ ಸಾಲಾಗಿ ಕೂತರು. ಆಯಿ ಸಾಹೇಬರ ಎದುರಿಗೆ ಕೂತು ಒಂದೊಂದೇ ತುತ್ತಿಗೆ ಒತ್ತಾಯ ಮಾಡುತ್ತಿದ್ದಳು. ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಎರಡನೆಯ ಹೋಳಿಗೆ ಮುಗಿಸಿ ಸಾಹೇಬರು ತೃಪ್ತಿಯಿಂದ ಹೇಳಿದರು.

"ಗೌಡ್ರ, ಇಂಥಾ ಸಾಲಿ ನಾ ಈ ಭಾಗದಾಗ ನೋಡಿಲ್ಲ. ಒಬ್ಬ ಮಾಸ್ತರು ಇಷ್ಟು ಚಂದ ನಡಸ್ಯಾರ ಅಂದ್ರ, ಇನ್ನೊಬ್ಬರು ಯಾಕ ಬೇಕು ನಿಮಗ? ಬಾಜು ಊರಾಗ ಹುಡುಗ್ರು ಗಿಡದ ಬುಡಕ ಕೂಡತಾರ. ಐದನೇದು ಅವರಿಗೇ ಕೊಡೂಣಂತ ಮಾಡೇನಿ."

ಅಪ್ಪನ ಕೈ ತಾಟಿನಲ್ಲೇ ನಿಂತಿತು. ಮಾಸ್ತರು ತಲೆ ಎತ್ತಲಿಲ್ಲ. ನಾನು ಒಬ್ಬೊಬ್ಬರ ಮುಖ ನೋಡಿದೆ. ಯಾರಾದರೂ ಏನಾದರೂ ಹೇಳುತ್ತಾರೆ ಎಂದುಕೊಂಡೆ. ಆದರೆ ಹೇಳುವುದಾದರೂ ಹೇಗೆ? ಎದುರಿಗೆ ಉಣ್ಣುತ್ತ ಕೂತ ಅತಿಥಿಗೆ, ನೀವು ನೋಡಿದ್ದೆಲ್ಲ ಎರವಲು ಎಂದು ಹೇಳುವ ಬಾಯಿ ಆ ಪಡಸಾಲೆಯಲ್ಲಿ ಇರಲಿಲ್ಲ. ನನಗೆ ಅಳು ಬಂತು. ಆಗ ಅಡುಗೆ ಮನೆಯ ಬಾಗಿಲಲ್ಲಿ ಬಳೆಯ ಸಪ್ಪಳವಾಯಿತು, ಆಯಿ ಏಳಲಿಲ್ಲ. ಮತ್ತೊಮ್ಮೆ ಆಯಿತು. ಆಮೇಲೆ ಅವ್ವನ ಧ್ವನಿಯೇ ಕೇಳಿತು.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಸಾಲ್ಯಾಗ ಹಾಸಿದ್ದು ನಮ್ಮನಿ ಜಮಖಾನಿರಿ. ಕುರ್ಚಿ, ಗಡಿಯಾರ ನಮ್ಮನಿವು. ಮುಂದ ಕುಂತು ಹೇಳಿದ ಹುಡುಗ್ರು ಶಲವಡಿ ಸಾಲ್ಯಾಗ ಕಲ್ಯಾವ್ರು. ಬಾಗಲಕ್ಕ ಕಟ್ಟಿದ್ದು ನನ್ನ ಮದವಿ ಸೀರಿರಿ. ಅದನ್ನ ಸರಿಸಿ ನೋಡ್ರಿ, ಆ ಕ್ವಾಣಿಗಿ ಮಾಳಗೀನ ಇಲ್ರಿ."

"ಬಸಣ್ಣೆವ್ವಾ!" ಎಂದು ಆಯಿ ಕೂಗಿದಳು. ಅವ್ವ ನಿಲ್ಲಿಸಲಿಲ್ಲ.

"ಐದನೇದು ಬರಲಿಲ್ಲಂದ್ರ ನನ್ನ ಮಗಳು ಸಾಲಿ ಬಿಡತಾಳ್ರಿ. ಆಕಿ ಓರಗಿಯವ್ರೂ ಬಿಡತಾರ್ರಿ. ಅದಕ್ಕ ಹೇಳಿದೆರಿ."

ಸಾಹೇಬರು ಬಾಗಿಲ ಕಡೆ ನೋಡಿದರು, ಆಮೇಲೆ ತಾಟು ನೋಡಿದರು. ಅವರು ಎದ್ದುಬಿಡುತ್ತಾರೆ ಎಂದು ಆಯಿ ಗಾಬರಿಯಾಗಿ ಕೈ ಅಡ್ಡ ಹಿಡಿದಳು. "ಅನ್ನದ ಮ್ಯಾಲೆ ಯಾಕ ಸಿಟ್ಟು ಆಯಿ, ಉಣತೇನಿ" ಎಂದು ಅವರು ಊಟ ಮುಗಿಸಿದರು. ಕೈ ತೊಳೆದು ನೇರ ಶಾಲೆಗೆ ನಡೆದರು. ನಾವೆಲ್ಲ ಹಿಂದೆ. ಅವರೇ ಸೀರೆಯನ್ನು ಒಂದು ಬದಿಗೆ ಸರಿಸಿ ಆ ಕೋಣೆಯೊಳಗೆ ಇಣುಕಿದರು. ಮಣ್ಣಿನ ಗುಡ್ಡೆಯ ಮೇಲೆ ಯಾರದೋ ಕೋಳಿ ಕೆದರುತ್ತಿತ್ತು.

"ಮಾಸ್ತರ, ನೀವಾದ್ರೂ ಹೇಳಬಾರದಿತ್ತೇನ್ರಿ?"

"ಊರಿನ ಮರ್ಯಾದಿ ಅಂದ್ರು ಸಾಹೇಬ್ರ. ಹೊರಗಿನಾಂವ ನಾನು, ಹೆಂಗ ಬ್ಯಾಡ ಅನ್ನಲಿ?"

ಸಾಹೇಬರು ಯಾರನ್ನೂ ಬೈಯಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನನ್ನನ್ನು ಕರೆದು ಹದಿಮೂರರ ಮಗ್ಗಿ ಹೇಳಲು ಹೇಳಿದರು. ನಾನು ಅರ್ಧದವರೆಗೆ ಹೇಳಿ ನಿಂತೆ. ನನ್ನ ತಲೆ ನೇವರಿಸಿ ಚಕ್ಕಡಿ ಹತ್ತಿದರು. ಕೊಡುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಆ ಸಂಜೆ ನಮ್ಮ ಮನೆಯಲ್ಲಿ ನಡೆದ ಜಗಳದಂಥದ್ದನ್ನು ನಾನು ಆಮೇಲೆ ಕಂಡಿಲ್ಲ. ಅಪ್ಪ ಒಂದೇ ಮಾತು ಹೇಳಿ ಹೊರಗೆ ಹೋದ: "ಊರಾಗ ತಲಿ ಎತ್ತದಂಗ ಮಾಡಿದಿ." ಮುಂದೆ ಎಷ್ಟೋ ತಿಂಗಳು ಅವನು ಅವ್ವನೊಡನೆ ಮಾತಾಡಲಿಲ್ಲ, ಏನು ಬೇಕಿದ್ದರೂ ನನ್ನ ಕಡೆಯಿಂದ ಹೇಳಿಸುತ್ತಿದ್ದ. ಆಯಿಯಂತೂ ಒಲೆಯ ಮುಂದೆ ಕೂತು ಹಾಡಿದ್ದೇ ಹಾಡಿದಳು. ಮನೆಯ ಮಾನ, ವಂಶದ ಮಾನ, ಸತ್ತ ಅಜ್ಜನ ಮಾನ, ಯಾವುದನ್ನೂ ಬಿಡಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಮ್ಮೆ ಮಾತ್ರ ತಿರುಗಿ ಕೇಳಿದಳು.

"ಅತ್ತೀ, ಕನ್ಯಾ ತೋರ್ಸೂ ಮುಂದ ಕಡಿಮಿದ್ದದ್ದು ಮುಚ್ಚೂದು ಹುಡುಗಿ ಲಗ್ನ ಆಗಲಿ ಅಂತ. ಸಾಲಿದು ಮುಚ್ಚಿದ್ರ ಯಾರ ಲಗ್ನ ಆಗತೈತ್ರಿ?"

ಅವತ್ತಿನಿಂದ ಆಯಿ ಅವ್ವನ ಕೈಯ ರೊಟ್ಟಿಗೆ ಹೆಸರಿಟ್ಟು ಹಂಗಿಸುವುದನ್ನೂ ನಿಲ್ಲಿಸಿದಳು, ಮಾತನ್ನೂ ನಿಲ್ಲಿಸಿದಳು. ಆ ಮೌನಕ್ಕಿಂತ ಹಂಗಿಸುವುದೇ ಚಲೋ ಇತ್ತು ಎಂದು ನನಗೆ ಅನಿಸುತ್ತಿತ್ತು.

ಮುಂದೆ ನಾನೂ ಶಿಕ್ಷಕಿಯಾಗಿ ಹಳ್ಳಿಯ ಶಾಲೆಗಳಲ್ಲೇ ಆಯುಷ್ಯ ಕಳೆದೆ. ಸಾಹೇಬರು ಬರುವ ದಿನ ಬೀರುವಿನಿಂದ ಹೊಸ ಪುಸ್ತಕ ಹೊರಬಂದು, ಅವರು ಹೋದ ಮೇಲೆ ಮತ್ತೆ ಬೀರು ಸೇರುವುದನ್ನು ಬೇಕಾದಷ್ಟು ನೋಡಿದ್ದೇನೆ. ಓದಲು ಬಾರದ ಮಗುವನ್ನು ಅವತ್ತು ಮನೆಯಲ್ಲಿ ಉಳಿಸಲು ಹೇಳುವುದನ್ನೂ ನೋಡಿದ್ದೇನೆ. ಸರಕಾರಿ ಶಾಲೆ ಸುಧಾರಿಸಬೇಕು ಎಂದು ಎಲ್ಲರೂ ಭಾಷಣ ಮಾಡುತ್ತಾರೆ, ಕಮಿಟಿ ಮಾಡುತ್ತಾರೆ. ನನಗೆ ಸಿಟ್ಟು ಬರುತ್ತದೆ. ಬಡಿಸುವವನಿಗೆ ಹಸಿವು ತೋರಿಸಲು ನಾಚಿಕೊಂಡರೆ ತಾಟಿಗೆ ಅನ್ನ ಬೀಳುವುದು ಹೇಗೆ? ನಮ್ಮವರು ಕೆಟ್ಟವರಾಗಿ ಮುಚ್ಚಿಡಲಿಲ್ಲ, ಪ್ರೀತಿಯಿಂದಲೇ ಮುಚ್ಚಿಟ್ಟರು. ಅದಕ್ಕೇ ಆಯಿಯ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ.

ಆ ವರ್ಷ ನಾನು ನಾಲ್ಕನೆಯದರಲ್ಲಿ ಪಾಸಾದೆ. ಜೂನ್ ಬಂತು. ಐದನೆಯ ಇಯತ್ತೆಯ ಸುದ್ದಿ ಬರಲಿಲ್ಲ. ನನ್ನ ಓರಗೆಯ ಹುಡುಗಿಯರು ಒಬ್ಬೊಬ್ಬರೇ ಹೊಲಕ್ಕೆ ಹೋದರು. ಅಪ್ಪ ನನಗೊಂದು ಸಣ್ಣ ಕುರ್ಚಿಗೆ, ಅಂದರೆ ಕಳೆ ತೆಗೆಯುವ ಕುಡುಗೋಲು, ಸಂತೆಯಿಂದ ತಂದ. ಅವ್ವ ಅದನ್ನು ತೆಗೆದು ಮೇಲಿನ ಗೂಟಕ್ಕೆ ಸಿಕ್ಕಿಸಿ, ನನಗೆ ಜಡೆ ಹಾಕಿ, ಪಾಟಿಚೀಲ ಕೊಟ್ಟು ಶಾಲೆಗೆ ಕಳಿಸಿದಳು. "ಐದನೇದು ಬರೂತನಕ ನಾಕನೇದ್ರಾಗ ಕೂಡು" ಎಂದಳು. ಮಾಸ್ತರು ಏನೂ ಕೇಳದೆ ಜಾಗ ತೋರಿಸಿದರು. ನನಗಿಂತ ಸಣ್ಣವರ ನಡುವೆ ಕೂತು, ಗೊತ್ತಿದ್ದ ಪಾಠವನ್ನೇ ಮತ್ತೆ ಓದಲು ನಾಚಿಕೆಯಾಗುತ್ತಿತ್ತು. ಮನೆಗೆ ಬಂದು ಅಳುತ್ತಿದ್ದೆ. ಅವ್ವ ಸಮಾಧಾನ ಮಾಡುತ್ತಿರಲಿಲ್ಲ, ಮರುದಿನ ಮತ್ತೆ ಜಡೆ ಹಾಕುತ್ತಿದ್ದಳು.

ಒಂದು ರವಿವಾರ ನಾನು ಅಪ್ಪನಿಗೆ ಬುತ್ತಿ ಒಯ್ಯುವಾಗ ಅವನು ಊರ ಕಟ್ಟೆಯ ಮೇಲೆ ಕೂತಿದ್ದ. ಯಾರೋ ಕುಚೇಷ್ಟೆಗೆ ಕೇಳಿದರು.

"ಏನೋ ನಿನ್ನ ಮಗಳು ನಪಾಸಾದಳಂತಲ್ಲ? ಮತ್ತ ನಾಕನೇದ್ರಾಗ ಕುಂತಾಳ."

ಅಪ್ಪ ಎದ್ದು ಹೆಗಲಿನ ಟವೆಲು ಜಾಡಿಸಿದ.

"ನಪಾಸಾಗಿದ್ದು ನಮ್ಮೂರ ಸಾಲಿ ಲೇ. ನನ್ನ ಮಗಳಲ್ಲ."

ನಾನು ಓಡಿ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಕೇಳಿಸದವಳಂತೆ ಹಿಟ್ಟು ನಾದುತ್ತಲೇ ಇದ್ದಳು. ಅವತ್ತು ರಾತ್ರಿ ಅಪ್ಪ ಊಟಕ್ಕೆ ಕೂತು, ಇನ್ನೊಂದು ರೊಟ್ಟಿ ಹಾಕೆಂದು ಅವಳನ್ನೇ ಕೇಳಿದ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ, ಟ್ರಂಕು ಹೊತ್ತ ಆಳಿನ ಹಿಂದೆ ಒಬ್ಬ ಹೆಣ್ಣುಮಗಳು ನಮ್ಮ ಮನೆಯ ದಾರಿ ಕೇಳುತ್ತ ಬಂದರು. ನಮ್ಮೂರಿಗೆ ಐದನೆಯ ಇಯತ್ತೆ ಮಂಜೂರಾಗಿತ್ತು, ಅವರು ಹೊಸ ಅಕ್ಕೋರು, ಅಂದರೆ ಶಿಕ್ಷಕಿ. ಮಾಳಿಗೆಗೆ ಇನ್ನೂ ಹಣ ಬಂದಿರಲಿಲ್ಲ, ಅದು ಬರುವ ಹೊತ್ತಿಗೆ ನಾನು ಏಳನೆಯದರಲ್ಲಿದ್ದೆ. ಆದರೆ ಆ ಸಂಜೆ ನನಗೆ ಮಾಳಿಗೆಯ ಚಿಂತೆ ಇರಲಿಲ್ಲ. ಅಕ್ಕೋರ ಚಪ್ಪಲಿ, ಅವರ ಕೈಗಡಿಯಾರ, ಅವರು ಅಪ್ಪನ ಎದುರು ಕೂತು ಮಾತಾಡುವ ರೀತಿ, ಇವನ್ನೇ ಕಣ್ಣುಬಿಟ್ಟು ನೋಡುತ್ತಿದ್ದೆ. ಆಯಿ ಅವರಿಗೆ ಉಣ್ಣಲು ಕೊಟ್ಟಳು. ಉಣ್ಣುತ್ತ ಅಕ್ಕೋರು ಕೇಳಿದರು.

"ಸಾಲಿ ಹೆಂಗೈತ್ರಿ ನಿಮ್ಮೂರಾಗ?"

"ಏ, ಅಗದಿ ಚಲೋ..." ಎಂದು ಅಪ್ಪ ರೂಢಿಯಂತೆ ಶುರು ಮಾಡಿ ನಡುವೆ ನಿಲ್ಲಿಸಿದ. ಆಗ ತಿಂಗಳುಗಟ್ಟಲೆ ಸೊಸೆಯೊಡನೆ ಮಾತು ಬಿಟ್ಟಿದ್ದ ಆಯಿ ಅಡುಗೆ ಮನೆಯ ಕಡೆ ತಿರುಗಿ ಕರೆದಳು.

"ಬಸಣ್ಣೆವ್ವಾ, ಹೊರಗ ಬಾ. ನಾ ಹೇಳಿದ್ರ ಅರ್ಧಾ ಬಿಡತೇನಿ. ನೀನ ಕುಂತು ಹೇಳವಾ ಅಕ್ಕೋರಿಗೆ, ಇದ್ದದ್ದು ಇದ್ದಂಗ."

ಅವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊಸ್ತಿಲು ದಾಟಿ ಬಂದು ಅಕ್ಕೋರ ಎದುರಿಗೆ ಕೂತಳು.